ಹನೋಯ್ ಬೀದಿ ಮಾರುಕಟ್ಟೆಯಲ್ಲಿ ಕೋಳಿ ತಗೊಳ್ಳೋ ಮುಂಚೆ ಇದನ್ನು ಓದಿ

ಈಗ ನಮ್ಮವರು ವಿಯೆಟ್ನಾಂಗೆ ಜಾಸ್ತಿ ಹೋಗುತ್ತಿದ್ದಾರೆ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು, ಮಾರುಕಟ್ಟೆಯಿಂದ ಕೋಳಿ ತಂದು ನಮ್ಮ ರುಚಿಗೆ ಸಾರು ಮಾಡಿಕೊಳ್ಳೋಣ ಅಂದುಕೊಂಡಿದ್ದರೆ ದಯವಿಟ್ಟು ಇದನ್ನು ಓದಿ. ಹನೋಯ್‌ನಲ್ಲಿ ಆ ಊಟ ಆದ ಮರುದಿನವೇ ನನ್ನ ಹೆಂಡತಿ, ಮಗ ಇಬ್ಬರೂ ವಾಂತಿ, ಭೇದಿ, ಜ್ವರ ಅಂತ ಮಲಗಿಬಿಟ್ಟರು. ಹಾಲಾಂಗ್ ಕೊಲ್ಲಿಗೆ ಹೋಗೋದು ತಪ್ಪಿತು, ಅದು ಬಿಡಿ. ಮಗನಿಗೆ ಡ್ರಿಪ್ ಹಾಕಿಸಬೇಕಾಯಿತು.

ನಾವು ಮಾರುಕಟ್ಟೆಗೆ ಹೋದಾಗ ಬಿಸಿಲು ಏರಿತ್ತು. ಹಂದಿಮಾಂಸ ಟೈಲ್ಸ್ ಕಟ್ಟೆಯ ಮೇಲೆ ಹಾಗೇ ಹರಡಿತ್ತು. ಐಸ್ ಇಲ್ಲ, ಮುಚ್ಚಳ ಇಲ್ಲ. ಕೋಳಿ ಮಾರುವಾಕೆ ಪಂಜರದಿಂದ ಒಂದನ್ನು ತೆಗೆದು ಅಲ್ಲೇ ಕೊಯ್ದು, ಬಿಸಿನೀರಿಗೆ ಅದ್ದಿ, ಪುಕ್ಕ ಕೀಳುವ ಯಂತ್ರಕ್ಕೆ ಹಾಕಿದರು. ಆಮೇಲೆ ತೊಳೆದಿದ್ದು ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ. ಆ ನೀರು ಆಗಲೇ ಕೆಂಪಗಿತ್ತು. ಚಾಕು, ಕೈ, ಹಿಂದಿನ ಗಿರಾಕಿಯ ಕೋಳಿ, ಎಲ್ಲಾ ತೊಳೆದಿದ್ದು ಅದರಲ್ಲೇ. ಅದೇ ಒದ್ದೆ ಕೈಯಲ್ಲಿ ಚಿಲ್ಲರೆ ಎಣಿಸಿ ಕೊಟ್ಟರು. ಪಕ್ಕದಲ್ಲೇ, ಆ ನೀರು ಹರಿಯುವ ನೆಲದ ಮೇಲೆ, ಪುದೀನ ಕೊತ್ತಂಬರಿ ಬುಟ್ಟಿ. ನಮ್ಮ ಸೊಪ್ಪೂ ಅಲ್ಲಿಂದಲೇ ಬಂತು.

ಕೋಳಿಯನ್ನು ಚೆನ್ನಾಗಿಯೇ ಬೇಯಿಸಿದ್ದೆವು. ಹಸಿ ಕೋಳಿಯಲ್ಲಿರುವ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಕುದಿಯುವ ಸಾರಿನಲ್ಲಿ ಬದುಕುವುದಿಲ್ಲ. ಆದರೆ ಸೊಪ್ಪನ್ನು ಅಲ್ಲಿನವರ ಹಾಗೆ ಹಸಿಯಾಗಿ ತಿಂದವರು ಅವರಿಬ್ಬರು, ಕಾಯಿಲೆ ಬಿದ್ದವರೂ ಅವರಿಬ್ಬರೇ. ನಾನು ಬರೀ ಸಾರು ಉಂಡಿದ್ದೆ, ನನಗೇನೂ ಆಗಲಿಲ್ಲ. ಡಾಕ್ಟರ್‌ಗೂ ಸೊಪ್ಪಿನ ಮೇಲೇ ಅನುಮಾನ ಬಂತು. ಎಲ್ಲರೂ ಮಾಂಸ ಬೆಂದಿದೆಯಾ ಅಂತ ನೋಡುತ್ತೇವೆ. ಅದರ ನೀರು ಯಾವುದರ ಮೇಲೆ ಬಿತ್ತು ಅಂತ ಯಾರು ನೋಡುತ್ತಾರೆ?

ಅಲ್ಲಿನವರು ಕೊಳಕರು ಅಂತ ನಾನು ಖಂಡಿತ ಹೇಳುತ್ತಿಲ್ಲ. ರಾತ್ರಿ ಕಡಿದ ಹಂದಿ ಬೆಳಗಿನ ಜಾವಕ್ಕೆ ಮಾರುಕಟ್ಟೆಗೆ ಬರುತ್ತದೆ. ಅಲ್ಲಿನ ಹೆಂಗಸರು ಬೆಳಿಗ್ಗೆ ಬೇಗ ಬಂದು ತಗೊಂಡು ಹೋಗಿ ಅವತ್ತೇ ಬೇಯಿಸುತ್ತಾರೆ. ತಿಂಡಿ ಮುಗಿಸಿ ನಿಧಾನಕ್ಕೆ ಹೋಗುವ ಪ್ರವಾಸಿಗರಿಗೆ ಸಿಗುವುದು ಗಂಟೆಗಟ್ಟಲೆ ಸೆಕೆಯಲ್ಲಿ ಬಿದ್ದಿದ್ದ ಮಾಂಸ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ.

ಮಕ್ಕಳು ಜೊತೆಗಿದ್ದರೆ ಸೂಪರ್‌ಮಾರ್ಕೆಟ್‌ನಲ್ಲಿ ಫ್ರಿಜ್‌ನಲ್ಲಿಟ್ಟ ಕೋಳಿಯನ್ನೇ ತಗೊಳ್ಳಿ. ಮನೆಗೆ ತಂದ ಮೇಲೆ ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ, ಹನಿಗಳು ಸಿಂಕ್ ಸುತ್ತ ಎಲ್ಲಾ ಕಡೆ ಸಿಡಿಯುತ್ತವೆ. ಜೀವಂತ ಕೋಳಿ ಮಾರುವ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಕ್ಕಿಜ್ವರ 18 ಜನರಿಗೆ ತಗುಲಿ 6 ಜನ ತೀರಿಕೊಂಡರು. ಅದು ಹರಡಿದ್ದು ಇಂಥ ಮಾರುಕಟ್ಟೆಗಳಿಂದಲೇ.

ಇನ್ನೊಂದು, ತಿಯೆತ್ ಕಾನ್ ಅಂತ ಹಸಿ ರಕ್ತದ ತಿನಿಸು ಸಿಗುತ್ತದೆ. ವಿಡಿಯೋಗೋಸ್ಕರವೂ ಬಾಯಿಗೆ ಇಡಬೇಡಿ. ಹಂದಿಯ ರಕ್ತದಿಂದ ಬರುವ ಸ್ಟ್ರೆಪ್ಟೊಕಾಕಸ್ ಸೂಯಿಸ್ ಸೋಂಕು ಮೆದುಳಿನ ಪೊರೆಗೆ ಹತ್ತಿದರೆ ಬದುಕಿ ಉಳಿದವರಿಗೂ ಕಿವಿ ಶಾಶ್ವತವಾಗಿ ಹೋಗಬಹುದು.

ಹೊಟ್ಟೆ ಕೆಟ್ಟರೆ ಔಷಧಿ ಅಂಗಡಿಯಲ್ಲಿ ‘ಒರೆಸೋಲ್’ ಅಂತ ಕೇಳಿ, ನಮ್ಮ ಓಆರ್‌ಎಸ್ ಪುಡಿಯನ್ನೇ ಕೊಡುತ್ತಾರೆ. ಜ್ವರ ಬಂದರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.