ಮಾನಿಟರ್ ಕೆಳಗೆ ಕೂರಿಸುವ ಐ ಟ್ರ್ಯಾಕರ್: ಪಾಠಕ್ಕೆ ಸೈ, ಸಂಶೋಧನೆಗೆ ಸಾಲದು

ನಾನು ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ತರಗತಿಗೆ ಅಂತ ಈ 60 ಹರ್ಟ್ಸ್ ಐ ಟ್ರ್ಯಾಕರ್, ಅಂದರೆ ಪರದೆಯ ಮೇಲೆ ಕಣ್ಣು ಎಲ್ಲಿ ನೋಡುತ್ತಿದೆ ಎಂದು ಸೆಕೆಂಡಿಗೆ 60 ಸಲ ಅಳೆಯುವ ಸಾಧನ, ತರಿಸಿದೆ. ಸಪೂರ ಪಟ್ಟಿಯಂತಿದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಪಾಪೆ ಎಲ್ಲಿದೆ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಹೊಳೆಯುವ ಚುಕ್ಕಿ ಎಲ್ಲಿದೆ ಎಂದು ಕ್ಯಾಮೆರಾ ನೋಡಿ, ನೋಟ ಎತ್ತ ಇದೆ ಅಂತ ಲೆಕ್ಕ ಹಾಕುತ್ತದೆ.

ಕ್ಯಾಲಿಬ್ರೇಷನ್, ಅಂದರೆ ಒಬ್ಬೊಬ್ಬರ ಕಣ್ಣಿಗೆ ಸಾಧನವನ್ನು ಹೊಂದಿಸಿಕೊಳ್ಳುವುದು, ಬೇಗ ಮುಗಿಯುತ್ತದೆ. ಕನ್ನಡಕದವರಿಗೆ ಮಾತ್ರ ತಾಪತ್ರಯ. ಗಾಜಿನ ಹೊಳಪನ್ನೇ ಕಣ್ಣಿನದು ಅಂತ ಹಿಡಿದು, ಪರದೆಯ ಮೇಲೆ ನೋಟ ತೋರಿಸುವ ಗುರುತು ಎಲ್ಲೆಲ್ಲೋ ಹಾರುತ್ತದೆ. ಪಟ್ಟಿಯನ್ನು ಕೊಂಚ ಓರೆ ಮಾಡಿದರೆ ಎಷ್ಟೋ ವಾಸಿ.

ನಿಜವಾದ ಖುಷಿ ಇರುವುದು ಕಣ್ಣು ಓಡಾಡಿದ್ದನ್ನು ಮತ್ತೆ ತೋರಿಸುವ ರೀಪ್ಲೇನಲ್ಲಿ. ಓದುವಾಗ ಕಣ್ಣು ಸಾಲಿನ ಮೇಲೆ ಸಲೀಸಾಗಿ ಜಾರುತ್ತದೆ ಅಂದುಕೊಂಡಿರುತ್ತೇವೆ, ಅಲ್ವಾ? ಹಾಗೇನಿಲ್ಲ. ಒಂದು ಕಡೆ ಸುಮಾರು 200ರಿಂದ 250 ಮಿಲಿಸೆಕೆಂಡ್ ನಿಲ್ಲುತ್ತದೆ, ಟಕ್ಕನೆ ಮುಂದಕ್ಕೆ ನೆಗೆಯುತ್ತದೆ. ಸಣ್ಣ ಪದಗಳನ್ನು ಎಷ್ಟೋ ಸಲ ದಾಟಿಯೇ ಹೋಗುತ್ತದೆ. ಅರ್ಥ ತೊಡಕಾದ ಕಡೆ ಹಿಂದಕ್ಕೂ ಬರುತ್ತದೆ. ನಮಗೆ ತೀರಾ ಸ್ಪಷ್ಟವಾಗಿ ಕಾಣುವುದು ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಜಾಗ ಮಾತ್ರ. ಅದಕ್ಕೇ ಈ ನೆಗೆತಗಳು. ಅವನ್ನೆಲ್ಲ ಜೋಡಿಸಿ ಒಂದು ನೋಟ ಮಾಡಿಕೊಡುವುದು ಮೆದುಳು.

ಸೋವಿಯತ್ ವಿಜ್ಞಾನಿ ಆಲ್‌ಫ್ರೆಡ್ ಯಾರ್ಬಸ್ ಹಿಂದೆ ಪುಟ್ಟ ಕನ್ನಡಿಯಿದ್ದ ಸಾಧನವನ್ನು ಕಣ್ಣುಗುಡ್ಡೆಗೇ ಅಂಟಿಸಿ ಪ್ರಯೋಗ ಮಾಡಿದ್ದರು. ಇಲ್ಯಾ ರೆಪಿನ್ ಅವರ ಒಂದೇ ಚಿತ್ರ, ಪ್ರಶ್ನೆ ಮಾತ್ರ ಬೇರೆ ಬೇರೆ. ಚಿತ್ರದಲ್ಲಿರುವವರ ವಯಸ್ಸೆಷ್ಟು ಅಂದರೆ ಕಣ್ಣು ಮುಖಗಳತ್ತ ಹೋಗುತ್ತಿತ್ತು. ಮನೆಯವರ ಸ್ಥಿತಿಗತಿ ಹೇಗಿದೆ ಅಂದರೆ ಬಟ್ಟೆ, ಪೀಠೋಪಕರಣಗಳ ಮೇಲೆ ಅಲೆಯುತ್ತಿತ್ತು. ಕಣ್ಣು ಸುಮ್ನೆ ಅಲೆಯುವುದಿಲ್ಲ, ಮೆದುಳಿಗೆ ಬೇಕಾದದ್ದನ್ನು ಹುಡುಕುತ್ತದೆ. ಈ ಪ್ರಯೋಗವನ್ನು ವಿದ್ಯಾರ್ಥಿಗಳ ಮೇಲೆ ಮಾಡಿದೆ. ಈ ಟ್ರ್ಯಾಕರ್‌ನಲ್ಲಿ ಆ ವ್ಯತ್ಯಾಸ ಚೆನ್ನಾಗಿಯೇ ಕಂಡಿತು. ಹುಡುಗರು ಬೆರಗಾಗಿಬಿಟ್ಟರು.

ಆದರೆ ಡಬ್ಬಿಯ ಮೇಲೆ "ಮೆದುಳಿನ ಸಂಶೋಧನೆಗೆ ತಕ್ಕದ್ದು" ಅಂತ ಬರೆದಿದ್ದಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 60 ಹರ್ಟ್ಸ್ ಅಂದರೆ ಸುಮಾರು 17 ಮಿಲಿಸೆಕೆಂಡಿಗೆ ಒಂದು ಅಳತೆ. ಓದುವಾಗಿನ ಒಂದು ನೆಗೆತ, ಅಂದರೆ ಸಕೇಡ್, ಮುಗಿಯುವುದೇ 30 ಮಿಲಿಸೆಕೆಂಡ್ ಆಸುಪಾಸಿನಲ್ಲಿ. ಅಷ್ಟರಲ್ಲಿ ಸಿಗುವುದು ಒಂದೋ ಎರಡೋ ಅಳತೆ. ಅದರಿಂದ ನೆಗೆತದ ವೇಗ ಅಳೆಯುವುದು ಹೇಗೆ? ಕಣ್ಣು ನೆಗೆಯುವಾಗಲೇ ಚಿತ್ರ ಬದಲಿಸಿ, ನೋಡುವವರಿಗೆ ಅದು ಗೊತ್ತಾಗುತ್ತದಾ ಅಂತ ಪರೀಕ್ಷಿಸುವ ಪ್ರಯೋಗ ನನಗೆ ಬಲು ಇಷ್ಟ. ಅದು ಇದರಲ್ಲಿ ಆಗುವುದೇ ಇಲ್ಲ. ನೆಗೆತ ಶುರುವಾಯಿತು ಅಂತ ಇದಕ್ಕೆ ತಿಳಿಯುವಷ್ಟರಲ್ಲಿ ಕಣ್ಣು ಇಳಿದಾಗಿರುತ್ತದೆ. ಅಂಥ ಕೆಲಸಕ್ಕೆ ಗಲ್ಲ ಊರಿ ಕೂರುವ 1000 ಹರ್ಟ್ಸ್ ಯಂತ್ರವೇ ಬೇಕು.

ಕೊಳ್ಳುವವರು ಕಚ್ಚಾ ಡೇಟಾ ಸಮಯದ ಸಮೇತ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಇದರಲ್ಲಿ ಸಿಗುತ್ತದೆ. ಎಲ್ಲಿ ಹೆಚ್ಚು ನೋಡಿದರು ಅಂತ ತೋರಿಸುವ ಬಣ್ಣಬಣ್ಣದ ಹೀಟ್‌ಮ್ಯಾಪ್ ಮಾತ್ರ ಕೊಡುವಂಥದ್ದಾದರೆ ಬೇಡವೇ ಬೇಡ, ಅದರಲ್ಲಿ ಕಣ್ಣು ಯಾವುದನ್ನು ಮೊದಲು ನೋಡಿತು ಅನ್ನುವುದೇ ಅಳಿಸಿಹೋಗಿರುತ್ತದೆ.