ಆರ್ಕಿ ಜಿಗ್ ಅಚ್ಚು, ನಾಲ್ಕು ವರ್ಷ ಬಳಸಿದ ಮೇಲೆ: ಎಲ್ಲಾ ಇರೋದು ಆ ತೂತಿನಲ್ಲಿ

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಉಳಿಯುತ್ತೆ ಅಂತ ಇದನ್ನು ತಗೊಳ್ಳಬೇಡಿ. ನಾನು ಅದೇ ಲೆಕ್ಕ ಹಾಕಿಕೊಂಡು ಶುರು ಮಾಡಿದವನು. ನಾನಿರುವುದು ಡಲ್ಲಾಸ್ ಕಡೆ. ತಿಂಗಳಿಗೆ ಎರಡು ಶನಿವಾರ ಲೇಕ್ ಫೋರ್ಕ್‌ಗೆ ಬಾಸ್ ಮೀನು ಹಿಡಿಯಲು ಹೋಗುತ್ತೇನೆ. ಹೋದಾಗಲೆಲ್ಲ ನಾಲ್ಕೈದು ಜಿಗ್, ಅಂದರೆ ಸೀಸದ ತಲೆ ಇರುವ ಗಾಳ, ಕೆರೆಗೆ ದಾನ ಮಾಡಿ ಬರುತ್ತೇನೆ. 1980ರಲ್ಲಿ ನೀರು ನಿಲ್ಲಿಸಿದಾಗ ಎಷ್ಟೋ ಮರಗಳನ್ನು ಕಡಿಯದೆ ಹಾಗೇ ಮುಳುಗಿಸಿದ ಕೆರೆ ಅದು. ಬೊಡ್ಡೆ, ಕೊಂಬೆ, ಅದರ ಮೇಲೆ ಹೈಡ್ರಿಲ್ಲಾ ಕಳೆ. ದೊಡ್ಡ ಮೀನು ಇರುವುದೂ ಅಲ್ಲೇ, ಗಾಳ ಸಿಕ್ಕಿಕೊಳ್ಳುವುದೂ ಅಲ್ಲೇ. ಅಂಗಡಿಯಲ್ಲಿ ಒಂದು ಜಿಗ್‌ಗೆ ಐದು ಡಾಲರ್. ಹೊಟ್ಟೆ ಉರಿಯದೆ ಇರುತ್ತಾ?

ಹಾಗಾಗಿ ಮನೆಯಲ್ಲೇ ಸೀಸ ಹೊಯ್ದು ಮಾಡಿಕೊಳ್ಳೋಣ ಅಂತ ಡು-ಇಟ್ ಕಂಪನಿಯ, ಆರ್ಕಿ ಅನ್ನುವ ಆಕಾರದ ತಲೆಯ ಅಚ್ಚು ತರಿಸಿದೆ. ಅಯೋವಾದವರು. ಅಲ್ಯೂಮಿನಿಯಂನ ಎರಡು ಹೋಳು, ಪುಸ್ತಕದ ಹಾಗೆ ತೆಗೆದು ಮುಚ್ಚುವ ಕೀಲು, ಹಿಡಿಯಲು ಮರದ ಹಿಡಿ. ನಾನು ಬಳಸುವುದು 3/8 ಮತ್ತು 1/2 ಔನ್ಸಿನ ಗುಂಡಿಗಳನ್ನು ಮಾತ್ರ. ನಾಲ್ಕು ವರ್ಷದಲ್ಲಿ ಏನಿಲ್ಲ ಅಂದರೂ ಆರುನೂರು ತಲೆ ಹೊಯ್ದಿದ್ದೇನೆ, ಕೀಲು ಇನ್ನೂ ಅಲ್ಲಾಡಿಲ್ಲ. ಅಚ್ಚಿನ ಬಗ್ಗೆ ದೂರಲು ನನ್ನ ಹತ್ತಿರ ಏನೂ ಇಲ್ಲ. ತಪ್ಪೆಲ್ಲ ನನ್ನದೇ, ಅದೂ ವೀಡ್‌ಗಾರ್ಡ್ ಕೂರುವ ತೂತಿನ ವಿಷಯದಲ್ಲಿ.

ಗೊತ್ತಿಲ್ಲದವರಿಗೆ: ವೀಡ್‌ಗಾರ್ಡ್ ಅಂದರೆ ಗಾಳದ ಮೊನೆಯ ಮುಂದೆ ಓರೆಯಾಗಿ ನಿಲ್ಲುವ ನೈಲಾನ್ ಎಳೆಗಳ ಕುಚ್ಚು, ಹಳೇ ಶೇವಿಂಗ್ ಬ್ರಶ್ಶಿನ ತುಂಡಿನ ಥರ. ಕೊಂಬೆ ತಗುಲಿದರೆ ಅದು ಮೊನೆಯನ್ನು ಕಾಯಬೇಕು, ಮೀನು ಕಚ್ಚಿದರೆ ಬಗ್ಗಿ ದಾರಿ ಬಿಡಬೇಕು. ಅದು ಕೂರಲು ಸೀಸದ ತಲೆಯಲ್ಲಿ ಒಂದು ತೂತು ಬೇಕಲ್ವಾ? ಅದಕ್ಕೆ ಎರಕ ಹೊಯ್ಯುವ ಮುಂಚೆ ಅಚ್ಚಿನಲ್ಲಿ ಗಾಳದ ಜೊತೆ ಒಂದು ಸಣ್ಣ ಪಿನ್ ಇಡಬೇಕು. ಹೊಯ್ದ ಮೇಲೆ ಪಿನ್ ಎಳೆದರೆ ತೂತು ಉಳಿಯುತ್ತದೆ. ಓದುವಾಗ ಸುಲಭ.

ಮೊದಲ ಸಲ ಹನ್ನೆರಡು ತಲೆ ಹೊಯ್ದೆ, ಒಂದರಿಂದಲೂ ಪಿನ್ ನೆಟ್ಟಗೆ ಬರಲಿಲ್ಲ. ಸೀಸ ಆರುತ್ತಾ ಕುಗ್ಗುತ್ತದೆ, ಪಿನ್ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಾನು ಇಕ್ಕಳದಲ್ಲಿ ಜೋರಾಗಿ ಎಳೆದೆ, ಪಿನ್ ಬಾಗಿತು, ತೂತು ಮೊಟ್ಟೆಯಾಕಾರ ಆಯಿತು. ಈಗ ಮಾಡುವುದು ಹೀಗೆ: ಪಿನ್ನಿಗೆ ಮೇಣದಬತ್ತಿಯ ಮಸಿ ಹಿಡಿಸುತ್ತೇನೆ, ಅಚ್ಚಿನ ಗುಂಡಿಗಳಿಗೂ ಅದೇ ಮಸಿ. ಅಚ್ಚು ತೆರೆದ ತಕ್ಷಣ, ತಲೆ ಇನ್ನೂ ಬಿಸಿ ಇರುವಾಗಲೇ, ಎಳೆಯುವ ಮುಂಚೆ ಒಂದು ಸುತ್ತು ತಿರುಗಿಸುತ್ತೇನೆ. ಟಿಕ್ ಅಂತ ಸಣ್ಣ ಶಬ್ದ ಬರುತ್ತದೆ. ಆಮೇಲೆ ಬೆಣ್ಣೆಯಲ್ಲಿ ಚುಚ್ಚಿದ ಕಡ್ಡಿಯ ಹಾಗೆ ಬಂದುಬಿಡುತ್ತದೆ.

ಇನ್ನೊಂದು, ಸೀಸ ಮೆತ್ತಗಿನದ್ದೇ ಇರಬೇಕು. ಕಾರಿನ ಚಕ್ರಕ್ಕೆ ಹಾಕುವ ಹಳೇ ತೂಕಗಳು ಪುಕ್ಕಟೆ ಸಿಕ್ಕವು ಅಂತ ಅವನ್ನೇ ಕರಗಿಸಿದ್ದೆ. ಅದರಲ್ಲಿ ಆಂಟಿಮನಿ ಇರುತ್ತದೆ, ಗಡಸು. ಪಿನ್ನಿನ ಸುತ್ತಲಿನ ತೆಳು ಜಾಗಕ್ಕೆ ಹರಿಯಲೇ ಇಲ್ಲ, ಅರ್ಧ ತಲೆಗಳು ಹಲ್ಲು ಬಿದ್ದ ಬಾಯಿಯ ಹಾಗೆ ಬಂದವು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ, ಆದರೆ ಅಚ್ಚು ತಣ್ಣಗಿದ್ದರೆ ಎಷ್ಟು ಕಾಯಿಸಿದರೂ ಉಪಯೋಗವಿಲ್ಲ. ಮೊದಲ ನಾಲ್ಕೈದು ಎರಕ ಅಚ್ಚು ಬಿಸಿಯಾಗುವುದಕ್ಕೇ ಅಂತ ಇಟ್ಟುಕೊಳ್ಳಿ, ವಾಪಸ್ ಪಾತ್ರೆಗೆ ಹಾಕಿ.

ಪಾತ್ರೆಯ ಬಗ್ಗೆ ಹೇಳುವುದಾದರೆ, ನಾನು ತಗೊಂಡ ಕರೆಂಟ್ ಪಾತ್ರೆ ತಳದಿಂದ ಸೀಸ ಬಿಡುವಂಥದ್ದು, ಹೆಸರು ಬೇಡ. ಎರಡನೇ ವರ್ಷದಿಂದ ಸೋರುತ್ತಿದೆ, ಕೆಟ್ಟ ನಲ್ಲಿಯ ಹಾಗೆ ತೊಟ್ಟು ತೊಟ್ಟಾಗಿ. ಕೆಳಗೆ ಹಳೇ ತಗಡಿನ ಡಬ್ಬಿ ಇಟ್ಟು ಅಡ್ಜಸ್ಟ್ ಮಾಡಿಕೊಂಡಿದ್ದೇನೆ. ಆ ಡಬ್ಬಿಯಲ್ಲಿ ಒಂದು ಹನಿ ನೀರು ಕೂಡ ಇರಬಾರದು. ಇದನ್ನು ಮಾತ್ರ ತಮಾಷೆಯಾಗಿ ತಗೊಳ್ಳಬೇಡಿ. ಕಾದ ಸೀಸದ ಅಡಿಗೆ ನೀರು ಸಿಕ್ಕರೆ ಆವಿಯಾಗಿ ಸಿಡಿಯುತ್ತದೆ, ಸೀಸ ಮುಖಕ್ಕೇ ಹಾರುತ್ತದೆ. ಗ್ಯಾರೇಜಿನ ಬಾಗಿಲು ತೆರೆದಿರುತ್ತದೆ, ಫ್ಯಾನು ಹೊರಗಡೆಗೆ, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಅಂಗಿ. ಮಗಳು ಆ ಕಡೆ ಬರುವ ಹಾಗಿಲ್ಲ. ಆ ಅಂಗಿ ಬೇರೆಯೇ ಒಗೆಯಬೇಕು, ಇದು ಹೆಂಡತಿಯ ಕಾನೂನು, ನ್ಯಾಯವಾದದ್ದೇ.

ಬಣ್ಣಕ್ಕೆ ಪೌಡರ್ ಪೇಂಟ್. ತಲೆಯನ್ನು ಹೀಟ್ ಗನ್ನಿನಲ್ಲಿ ಬಿಸಿ ಮಾಡಿ ಪುಡಿಯಲ್ಲಿ ಅದ್ದಿ ತೆಗೆದರೆ ತಾನೇ ಕರಗಿ ಹೊಳೆಯುತ್ತದೆ. ಆಮೇಲೆ 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಪ್ಪತ್ತು ನಿಮಿಷ, ಗ್ಯಾರೇಜಿನಲ್ಲೇ ಇರುವ ಹಳೇ ಟೋಸ್ಟರ್ ಓವನ್‌ನಲ್ಲಿ. ಅದರಲ್ಲಿ ಇನ್ನು ಯಾವತ್ತೂ ಬ್ರೆಡ್ ಸುಡುವಂತಿಲ್ಲ. ನಾನು ಮಾಡಿದ ಮಹಾ ದಡ್ಡತನ ಅಂದರೆ ಒಂದು ಸಲ ವೀಡ್‌ಗಾರ್ಡ್ ಅಂಟಿಸಿದ ಮೇಲೆ ಓವನ್‌ಗೆ ಹಾಕಿದ್ದು. ಹದಿನಾರು ಕುಚ್ಚೂ ಸುರುಟಿಕೊಂಡು ಸುಟ್ಟ ಹಪ್ಪಳದ ಅಂಚಿನ ಹಾಗಾದವು. ಬಣ್ಣ ಬೆಂದು ಆರಿದ ಮೇಲೆಯೇ ಕುಚ್ಚು. ಬೇಯಿಸುವಾಗ ತೂತಿನಲ್ಲಿ ಪಿನ್ ವಾಪಸ್ ಇಟ್ಟಿರಿ, ಇಲ್ಲದಿದ್ದರೆ ಪೇಂಟು ಒಳಗೆ ಇಳಿದು ಮುಚ್ಚಿಕೊಳ್ಳುತ್ತದೆ, ಡ್ರಿಲ್ ಹಿಡಿದು ಕೂರಬೇಕು. ಆಮೇಲೆ ಒಂದು ತೊಟ್ಟು ಸೂಪರ್ ಗ್ಲೂ, ಸಾಕು.

ಈಗ ನಿಜವಾದ ಲಾಭ. ಅಂಗಡಿಯ ಜಿಗ್‌ಗಳಲ್ಲಿ ಕುಚ್ಚು ನನಗೆ ಯಾವಾಗಲೂ ಜಾಸ್ತಿ ಗಟ್ಟಿ. ಮೀನು ಕಚ್ಚಿದ್ದು ಗೊತ್ತಾಗುತ್ತದೆ, ಎಳೆದರೆ ಖಾಲಿ ಗಾಳ. ಮನೆಯದ್ದಾದರೆ ಕುಚ್ಚಿನಿಂದ ಮೂರನೇ ಒಂದು ಭಾಗ ಎಳೆಗಳನ್ನು ಬುಡದಲ್ಲೇ ಕತ್ತರಿಸುತ್ತೇನೆ, ಉಳಿದದ್ದನ್ನು ಎರಡು ಕಡೆ ಬಿಡಿಸಿ ಬೈತಲೆ ತೆಗೆದ ಹಾಗೆ ಮಾಡುತ್ತೇನೆ, ಉದ್ದ ಮೊನೆಗಿಂತ ಸ್ವಲ್ಪವೇ ಮೇಲೆ. ಹೆಬ್ಬೆರಳಿನಿಂದ ಒತ್ತಿ ನೋಡಿ: ಬೆರಳಿಗೆ ಮೊನೆ ತಗುಲಲು ತುಸು ಬಲ ಬೇಕು, ಆದರೆ ಹಲ್ಲು ಕಚ್ಚಿಕೊಂಡು ಒತ್ತುವಷ್ಟು ಅಲ್ಲ. ಹೋದ ಫೆಬ್ರವರಿಯಲ್ಲಿ ಒಂದು ಬೊಡ್ಡೆಯ ಬುಡದಿಂದ 22 ಇಂಚಿನ ಬಾಸ್ ಬಂದದ್ದು ಇಂಥದ್ದರಲ್ಲೇ. ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನದ್ದನ್ನು ಇಟ್ಟುಕೊಳ್ಳುವ ಹಾಗಿಲ್ಲ, ಫೋಟೋ ತೆಗೆದು ಬಿಟ್ಟೆ.

ಲೆಕ್ಕ ಬೇಕಾ? ಗಾಳ, ಕುಚ್ಚು, ಸಿಲಿಕೋನ್ ಸ್ಕರ್ಟು (ತಲೆಯ ಹಿಂದೆ ಲಂಗದ ಹಾಗೆ ಜೋಲುವ ಎಳೆಗಳು), ಬಣ್ಣ ಸೇರಿ ನನಗೆ ಒಂದಕ್ಕೆ ಹತ್ತಿರ ಹತ್ತಿರ ಎರಡು ಡಾಲರ್. ಅಚ್ಚು, ಪಾತ್ರೆ, ಓವನ್, ಹಾಳು ಮಾಡಿದ ಗಾಳಗಳು, ಅಗತ್ಯವೇ ಇಲ್ಲದ ಹದಿನಾಲ್ಕು ಬಣ್ಣದ ಡಬ್ಬಿಗಳು, ಇದನ್ನೆಲ್ಲ ಸೇರಿಸಿ ಕೂಡುವ ಧೈರ್ಯ ನಾನು ಮಾಡಿಲ್ಲ.

ನ್ಯೂ ಹ್ಯಾಂಪ್‌ಶೈರ್, ಮೇನ್ ಕಡೆ ಇರುವವರು ಸೀಸದ ಯೋಚನೆಯನ್ನೇ ಬಿಡಿ. ಲೂನ್ ಹಕ್ಕಿಗಳು ನುಂಗಿ ಸಾಯುತ್ತವೆ ಅಂತ ಅಲ್ಲಿ ಸಣ್ಣ ಸೀಸದ ಜಿಗ್‌ಗಳಿಗೆ ನಿಷೇಧ ಇದೆ. ಬಿಸ್ಮತ್-ತವರದ ಮಿಶ್ರಣ ಇದೇ ಅಚ್ಚಿನಲ್ಲಿ ಹೊಯ್ಯಬಹುದು, ಬರೀ 138 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬೆಲೆ ಮಾತ್ರ ಸೀಸಕ್ಕಿಂತ ತುಂಬಾ ಜಾಸ್ತಿ, ತೂಕ ಸ್ವಲ್ಪ ಕಡಿಮೆ ಬರುತ್ತದೆ.

ಹೋದ ತಿಂಗಳು ಅಮೆರಿಕನ್ ಫುಟ್‌ಬಾಲ್ ಆಕಾರದ ತಲೆಯ ಇನ್ನೊಂದು ಅಚ್ಚು ತರಿಸಿದೆ. ಆರ್ಡರ್ ಮಾಡುವ ಮುಂಚೆ ಮೊದಲು ನೋಡಿದ್ದು ಪಿನ್ನಿಗೆ ಜಾಗ ಇದೆಯಾ ಅಂತ. ಕೆಲವು ಅಚ್ಚುಗಳಲ್ಲಿ ಅದು ಇರುವುದೇ ಇಲ್ಲ, ನೋಡಿಕೊಳ್ಳಿ. ಪಿನ್ನುಗಳನ್ನೂ ಜೊತೆಗೇ ಒಂದು ಹತ್ತು ಜಾಸ್ತಿ ತರಿಸಿ. ಗ್ಯಾರೇಜಿನ ನೆಲದ ಮೇಲೆ ಬಿದ್ದರೆ ಮತ್ತೆ ಸಿಗುವುದಿಲ್ಲ.