ದಿನಬಳಕೆಯ ಕಾರಿಗೆ ಸ್ಪೋರ್ಟ್ ಸೀಟು: ಕೂರುವುದಕ್ಕಿಂತ ಕೂರಿಸುವುದೇ ದೊಡ್ಡ ಕೆಲಸ

ಕಾರಿನ ಜೊತೆಗೇ ಬಂದ ಸೀಟನ್ನು ಬಿಚ್ಚಿಸಿ ಹೊರಗಿನ ತಯಾರಕರ ಸ್ಪೋರ್ಟ್ ಸೀಟನ್ನು ಹಾಕಿಸಬೇಕೆಂದುಕೊಂಡವರು ಅದರ ಆಕಾರ, ಹೊಲಿಗೆ, ಬಟ್ಟೆಯ ಬಣ್ಣ ಮತ್ತು ಹೆಸರಿನ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅದನ್ನು ಕಾರಿನ ನೆಲಕ್ಕೆ ಹಿಡಿದಿಡುವ ಬೇಸ್ ಫ್ರೇಮಿನ ವಿಚಾರ ನೆನಪಾಗುವುದು ಮಾತ್ರ ಫಿಟ್ಟಿಂಗ್ ಮಾಡುವವರು ಕೇಳಿದಾಗ. ದಿನವೂ ಕೆಲಸಕ್ಕೆ ಹೋಗಿಬರಲು, ಸಾಮಾನು ತರಲು, ಆಗಾಗ ದೂರದ ಪ್ರಯಾಣಕ್ಕೆ ಬಳಸುವ ನನ್ನ ಕಾರಿನ ಚಾಲಕನ ಕಡೆಗೆ ಅಂಥ ಒಂದು ಸೀಟನ್ನು ಹಾಕಿಸಿದ್ದೇನೆ. ಸೀಟಿನ ಬಗ್ಗೆ ನನ್ನ ತೀರ್ಪು ಬಹುಮಟ್ಟಿಗೆ ಮೆಚ್ಚುಗೆಯದೇ. ಆದರೆ ಆ ಮೆಚ್ಚುಗೆಯ ಅರ್ಧಕ್ಕಿಂತ ಹೆಚ್ಚು ಪಾಲು ಸಲ್ಲಬೇಕಾದದ್ದು ಸೀಟಿನ ಕೆಳಗೆ ಯಾರ ಕಣ್ಣಿಗೂ ಬೀಳದೆ ಕುಳಿತಿರುವ ನಾಲ್ಕು ಬೋಲ್ಟು, ಸೀಟನ್ನು ಹಿಂದೆ ಮುಂದೆ ಜಾರಿಸುವ ಎರಡು ರೈಲು ಮತ್ತು ಒಂದು ಉಕ್ಕಿನ ಚೌಕಟ್ಟಿಗೆ.

ನಾನು ಆರಿಸಿಕೊಂಡದ್ದು ಬೆನ್ನನ್ನು ಹಿಂದಕ್ಕೆ ಬಾಗಿಸಬಹುದಾದ, ಒಳಗೆ ಉಕ್ಕಿನ ಚೌಕಟ್ಟಿರುವ, ತಲೆದಿಂಬು ಬೆನ್ನಿನ ಭಾಗದಲ್ಲೇ ಸೇರಿಕೊಂಡಿರುವ ಮಾದರಿಯನ್ನು. ಇದು ಹೊಸ ಕಲ್ಪನೆಯೇನೂ ಅಲ್ಲ. ಜರ್ಮನಿಯ ರೆಕಾರೊ ಕಂಪನಿ 1965ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿಯೇ ಸಾಮಾನ್ಯ ಕಾರುಗಳಿಗೆ ಬದಲಿಯಾಗಿ ಹಾಕಿಸಿಕೊಳ್ಳಬಹುದಾದ ಸ್ಪೋರ್ಟ್ ಸೀಟನ್ನು ಇಟ್ಟಿತ್ತು. ಇಟಲಿಯ ಸ್ಪಾರ್ಕೊ, ಜಪಾನಿನ ಬ್ರೈಡ್ ಮುಂತಾದ ಹೆಸರುಗಳೂ ಈ ಸಾಲಿಗೆ ಸೇರುತ್ತವೆ. ಇವರೆಲ್ಲರ ಪಟ್ಟಿಯಲ್ಲಿ ಬಾಗುವ ಸೀಟಿನ ಪಕ್ಕದಲ್ಲೇ ಫೈಬರ್‌ಗ್ಲಾಸ್ ಅಥವಾ ಕಾರ್ಬನ್ನಿನ ಒಂದೇ ಅಚ್ಚಿನ ಬಕೆಟ್ ಸೀಟು ಇರುತ್ತದೆ ಮತ್ತು ನೋಡಿದವರ ಮನಸ್ಸು ಮೊದಲು ಹೋಗುವುದು ಅದರ ಕಡೆಗೇ. ಹತ್ತು ಕೆ.ಜಿ.ಯೊಳಗಿನ ಆ ಚಿಪ್ಪು ರೇಸಿನ ಟ್ರ್ಯಾಕಿನಲ್ಲಿ ಎಷ್ಟೇ ಒಳ್ಳೆಯದಾದರೂ, ಒಂದೇ ಕೋನದಲ್ಲಿ ಗಂಟೆಗಟ್ಟಲೆ ಕೂರಬೇಕಾದ, ಹಿಂದಿನ ಸೀಟಿನಲ್ಲಿ ಯಾರಾದರೂ ಕೂರಬೇಕಾದ, ದಿನಕ್ಕೆ ಹಲವು ಸಲ ಹತ್ತಿ ಇಳಿಯಬೇಕಾದ ಕಾರಿಗೆ ಅದು ಸಲ್ಲದ ವಸ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಮೇಲಿರುವ, ಮೋಟಾರು ಸ್ಪರ್ಧೆಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ಚೀಟಿಯನ್ನು ನೋಡಿ ಮರುಳಾಗುವ ಅಗತ್ಯವೂ ಇಲ್ಲ. 8855-1999 ಎಂಬ ಆ ಮಾನದಂಡ ಸ್ಪರ್ಧೆಗಾಗಿ ರೂಪುಗೊಂಡದ್ದು; ಅದರಡಿ ತಯಾರಾದ ಸೀಟಿಗೆ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ 5 ವರ್ಷದ ಆಯುಷ್ಯವಿರುತ್ತದೆ. ರಸ್ತೆಯ ಕಾರಿನ ಸೀಟು ಮತ್ತು ಅದರ ಆಧಾರದ ಗಟ್ಟಿತನವನ್ನು ಪರೀಕ್ಷಿಸುವುದು ವಿಶ್ವಸಂಸ್ಥೆಯ 17ನೇ ನಿಯಮಾವಳಿ. ಅನೇಕ ದೇಶಗಳು ಒಪ್ಪಿಕೊಂಡಿರುವ ಆ ನಿಯಮಾವಳಿಯ ಅನುಮೋದನೆ ಸೀಟಿಗೂ ಫ್ರೇಮಿಗೂ ಇದೆಯೇ ಎಂದು ವಿಚಾರಿಸುವುದು ಹೆಚ್ಚು ಪ್ರಯೋಜನದ ಕೆಲಸ. ಹೆಸರಾಂತ ಸೀಟುಗಳ ನಕಲಿ ಚಿಪ್ಪುಗಳು ಧಾರಾಳವಾಗಿ ಸಿಗುವುದರಿಂದ ಈ ವಿಚಾರಣೆಗೆ ಇನ್ನೂ ಹೆಚ್ಚಿನ ಮಹತ್ವವಿದೆ.

ಕೂತಾಗಿನ ಅನುಭವವನ್ನು ಹೇಳುವುದಾದರೆ, ಮೊದಲು ಗಮನಕ್ಕೆ ಬರುವುದು ಫೋಮಿನ ಬಿಗಿ. ಕಂಪನಿಯ ಸೀಟಿನ ಮೆತ್ತನೆತನ ಷೋರೂಮಿನಲ್ಲಿ ಹಿತವಾಗಿದ್ದು, ಎರಡು ಗಂಟೆಯ ಪ್ರಯಾಣದ ಬಳಿಕ ಸೊಂಟವನ್ನು ಒಳಕ್ಕೆ ಕುಸಿಯಲು ಬಿಡುತ್ತದೆ. ಈ ಸೀಟು ಆರಂಭದಲ್ಲಿ ಗಡುಸಾಗಿ ಕಂಡರೂ ದೇಹದ ಭಾರವನ್ನು ತೊಡೆ, ಸೊಂಟ, ಬೆನ್ನುಗಳಿಗೆ ಹಂಚಿ ಹಿಡಿಯುತ್ತದೆ. ಹಿಂದಿನ ಜೇಬಿನಲ್ಲಿ ಪರ್ಸು ಇಟ್ಟುಕೊಂಡು ಕೂರುವ ಅಭ್ಯಾಸವಿರುವವರಿಗೆ ಮಾತ್ರ ಇದು ಅರ್ಧ ಗಂಟೆಯಲ್ಲೇ ಪಾಠ ಕಲಿಸುತ್ತದೆ. ತಿರುವುಗಳಲ್ಲಿ ಸೊಂಟದ ಪಕ್ಕದಲ್ಲಿ ಸೀಟಿನ ಅಂಚಿಗೆ ಉಬ್ಬಿರುವ ದಿಂಡುಗಳು ದೇಹವನ್ನು ಹಿಡಿಯುವುದರಿಂದ, ಮೊದಲಿನಂತೆ ಮೊಣಕಾಲನ್ನು ಬಾಗಿಲಿಗೆ ಒತ್ತಿಕೊಂಡು ಸ್ಟೀರಿಂಗನ್ನೇ ಆಸರೆಯಾಗಿ ಹಿಡಿಯುವ ಪ್ರಮೇಯ ಬರುವುದಿಲ್ಲ. ಕೈಗಳು ಸ್ಟೀರಿಂಗ್ ತಿರುಗಿಸುವ ಕೆಲಸಕ್ಕೆ ಮಾತ್ರ ಉಳಿಯುತ್ತವೆ. ಕೆಳಬೆನ್ನಿನ ಹತ್ತಿರ ಗಾಳಿ ತುಂಬುವ ಚೀಲವೊಂದಿದ್ದು, ರಬ್ಬರಿನ ಗುಂಡಿಯನ್ನು ಒತ್ತಿ ಅದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಇಡೀ ಸೀಟಿನಲ್ಲಿ ನಾನು ಅತಿ ಹೆಚ್ಚು ಬಳಸುವ ಸೌಲಭ್ಯ ಇದೇ, ಏಕೆಂದರೆ ಬೆಳಿಗ್ಗೆ ಹಿತವೆನಿಸುವ ಉಬ್ಬು ಸಂಜೆಗೆ ಹಿತವೆನಿಸುವುದಿಲ್ಲ.

ಆದರೆ ದಿಂಡುಗಳ ಎತ್ತರದ ವಿಷಯದಲ್ಲಿ ಎಚ್ಚರ ಬೇಕು. ಭುಜದ ಬಳಿಯ ದಿಂಡುಗಳು ಹೆಚ್ಚು ಮುಂದಕ್ಕೆ ಚಾಚಿದ್ದರೆ ಇಕ್ಕಟ್ಟಾದ ಜಾಗದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸುವಾಗ ತೋಳುಗಳಿಗೆ ತಾಗುತ್ತವೆ ಮತ್ತು ಹಿಂದೆ ತಿರುಗಿ ನೋಡುವುದು ಕಷ್ಟವಾಗುತ್ತದೆ. ತೊಡೆಯ ದಿಂಡುಗಳು ಎತ್ತರವಾಗಿದ್ದರೆ ಕ್ಲಚ್ ತುಳಿಯುವ ಕಾಲಿಗೆ ಪ್ರತಿಸಲವೂ ಅಡ್ಡ ಬರುತ್ತವೆ; ಟ್ರಾಫಿಕ್ಕಿನಲ್ಲಿ ಇದು ಸಣ್ಣ ತೊಂದರೆಯಲ್ಲ. ಬಾಗಿಲಿನ ಕಡೆಯ ದಿಂಡೇ ಮೊದಲು ಸವೆಯುವ ಜಾಗವೂ ಹೌದು. ಅದರ ಮೇಲೆ ತೊಡೆಯನ್ನು ಉಜ್ಜಿಕೊಂಡು ಜಾರಿ ಕೂರುವವರ ಸೀಟಿನಲ್ಲಿ ಬಟ್ಟೆಯ ನುಣುಪು ಮೊದಲು ಹೋಗಿ, ಆಮೇಲೆ ಹೊಲಿಗೆ ಬಿಟ್ಟು, ಕೊನೆಗೆ ಒಳಗಿನ ಫೋಮು ಪುಡಿಯಾಗತೊಡಗುತ್ತದೆ. ಮೊದಲು ಒಂದು ಕಾಲನ್ನು ಒಳಗಿಟ್ಟು, ಸೊಂಟವನ್ನು ದಿಂಡಿನ ಮೇಲಿಂದ ಎತ್ತಿ ನಡುವೆ ಇಳಿಸಿ ಕೂರುವುದು ರೂಢಿಯಾದರೆ ಸೀಟಿನ ಬಾಳಿಕೆ ಹೆಚ್ಚುತ್ತದೆ. ಮಂಡಿ ನೋವಿರುವ ಹಿರಿಯರೂ ಓಡಿಸುವ ಕಾರಾದರೆ ಈ ಕಸರತ್ತನ್ನು ಅವರ ಮೇಲೆ ಹೇರುವುದು ನ್ಯಾಯವಲ್ಲ. ದಿನಬಳಕೆಗೆ ಗಟ್ಟಿ ನೇಯ್ಗೆಯ ಬಟ್ಟೆಯೇ ವಾಸಿ. ಸ್ವೀಡ್‌ನಂಥ ಮೈಕ್ರೊಫೈಬರ್ ಮೈಯನ್ನು ಜಾರದಂತೆ ಹಿಡಿಯುವುದು ನಿಜವಾದರೂ ಬೆವರು ಮತ್ತು ಉಜ್ಜುವಿಕೆಗೆ ಬೇಗನೆ ಹೊಳಪೇರಿ ಗಂಟುಗಂಟಾಗುತ್ತದೆ.

ಇನ್ನು ಫ್ರೇಮಿನ ವಿಚಾರ. ಕಾರಿನ ನೆಲದಲ್ಲಿರುವ ಬೋಲ್ಟಿನ ತೂತುಗಳಿಗೂ ಹೊರಗಿನ ಸೀಟಿನ ತೂತುಗಳಿಗೂ ಸಂಬಂಧವಿಲ್ಲದ ಕಾರಣ, ಇವೆರಡರ ನಡುವೆ ಆ ಕಾರಿಗಾಗಿಯೇ ಅಳತೆ ಮಾಡಿದ ಬೇಸ್ ಫ್ರೇಮು, ಅದರ ಮೇಲೆ ರೈಲು, ಅದರ ಮೇಲೆ ಸೀಟು ಕೂರುತ್ತವೆ. ಪಕ್ಕದಿಂದ ಬೋಲ್ಟು ಹಾಕುವ ಸೀಟಾದರೆ ನಡುವೆ ಇನ್ನೊಂದು ಜೊತೆ ಬ್ರಾಕೆಟ್ಟು ಸೇರುತ್ತದೆ. ಒಂದೊಂದು ಪದರವೂ ಸೀಟನ್ನು ಒಂದಷ್ಟು ಮೇಲಕ್ಕೆತ್ತುತ್ತದೆ. ಸ್ಪೋರ್ಟ್ ಸೀಟು ಹಾಕಿಸಿದರೆ ಕಾರಿನಲ್ಲಿ ಕೆಳಗೆ ಕೂರುತ್ತೇವೆ ಎಂದು ಭಾವಿಸಿದವರು ಮೊದಲಿಗಿಂತ ಎತ್ತರದಲ್ಲಿ ಕುಳಿತು, ತಲೆ ಛಾವಣಿಗೆ ತಾಗುವ ಸ್ಥಿತಿಗೆ ಬರುವುದು ಅಪರೂಪವಲ್ಲ. ಎತ್ತರ ಹೊಂದಿಸುವ ಲಿವರು ಕಂಪನಿಯ ಸೀಟಿನಲ್ಲಿತ್ತು, ಹೊಸ ಫ್ರೇಮಿನಲ್ಲಿ ಅದು ಬಹುಪಾಲು ಇರುವುದಿಲ್ಲ. ಒಂದೇ ಕಾರನ್ನು ಕುಳ್ಳಗಿನವರೂ ಎತ್ತರದವರೂ ಓಡಿಸುವ ಮನೆಯಲ್ಲಿ ಇದನ್ನು ಮೊದಲೇ ಲೆಕ್ಕ ಹಾಕಬೇಕು. ಹಾಗೆಯೇ ಬೆನ್ನಿಗೆ ಸೇರಿಕೊಂಡ ತಲೆದಿಂಬನ್ನು ಮೇಲೆತ್ತಲು ಬರುವುದಿಲ್ಲ. ಹಿಂದಿನಿಂದ ಗುದ್ದಿದಾಗ ಕುತ್ತಿಗೆಯನ್ನು ಕಾಯಬೇಕಾದ ಭಾಗ ಅದು. ಅದರ ಮೇಲಂಚು ಹೆಚ್ಚುಕಡಿಮೆ ನೆತ್ತಿಯ ಮಟ್ಟಕ್ಕೆ ಬಾರದಿದ್ದರೆ ಆ ಸೀಟು ಆ ವ್ಯಕ್ತಿಗೆ ಚಿಕ್ಕದೆಂದೇ ತಿಳಿಯಬೇಕು.

ಫಿಟ್ಟಿಂಗ್ ಮಾಡುವ ಕೆಲವರು ಉದ್ದುದ್ದನೆಯ ಸೀಳುತೂತುಗಳಿರುವ, ಎಲ್ಲ ಕಾರಿಗೂ ಆಗುತ್ತದೆನ್ನುವ ಫ್ರೇಮನ್ನು ಮುಂದಿಡುತ್ತಾರೆ. ನನಗೂ ಹಾಗೆ ತೋರಿಸಿದಾಗ ಬೇಡವೆಂದು, ನನ್ನ ಕಾರಿನ ಮಾದರಿಗೆಂದೇ ತಯಾರಾದದ್ದು ಬರುವವರೆಗೆ ಕಾದೆ. ಕಾರಣ ಎರಡು. ಎಲ್ಲದಕ್ಕೂ ಹೊಂದುವ ಫ್ರೇಮಿನಲ್ಲಿ ಸೀಟಿನ ನಡುಗೆರೆ ಸ್ಟೀರಿಂಗಿನ ನಡುಗೆರೆಯಿಂದ ಒಂದೆರಡು ಸೆಂಟಿಮೀಟರ್ ಪಕ್ಕಕ್ಕೆ ಸರಿದರೂ ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಗಿ ಕೂರಬೇಕಾಗುತ್ತದೆ. ಮೊದಲ ವಾರ ತಿಳಿಯದ ಈ ತಿರುಚು ಆಮೇಲೆ ಬೆನ್ನುನೋವಾಗಿ ಕಾಣಿಸಿಕೊಳ್ಳುತ್ತದೆ. ಇನ್ನೊಂದು, ಡಿಕ್ಕಿಯಾದಾಗ ಸೀಟಿನ ಮೇಲೆ ಬೀಳುವ ಬಲವೆಲ್ಲ ಹಾದುಹೋಗುವುದು ಈ ಚೌಕಟ್ಟಿನ ಮೂಲಕವೇ. ಗ್ಯಾರೇಜಿನಲ್ಲಿ ಕತ್ತರಿಸಿ ವೆಲ್ಡ್ ಮಾಡಿದ ಪಟ್ಟಿಯ ಮೇಲೆ ನನಗಂತೂ ಆ ಮಟ್ಟದ ನಂಬಿಕೆಯಿಲ್ಲ.

ಸರಿಯಾದ ಫ್ರೇಮು ತಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಾಕಿಸಿದ ದಿನ ಲಿವರು ಎತ್ತಿ ಸೀಟನ್ನು ಮುಂದೆ ಸರಿಸಿ ಬಿಟ್ಟಾಗ 'ಟಕ್' ಎಂಬ ಸದ್ದು ಒಂದು ಕಡೆಯಿಂದ ಮಾತ್ರ ಬಂತು. ಸೀಟನ್ನು ಮೈಯಿಂದ ಅಲ್ಲಾಡಿಸಿದ ಮೇಲಷ್ಟೇ ಇನ್ನೊಂದು ಕಡೆಯ ರೈಲು ಬೀಗ ಹಾಕಿಕೊಂಡಿತು. ಎರಡೂ ಕಡೆ ಬೀಗ ಬೀಳುವ ರೈಲಿನಲ್ಲಿ ಒಂದೇ ಬಿದ್ದರೆ, ಜೋರಾಗಿ ಬ್ರೇಕು ಹಾಕಿದಾಗ ಸೀಟು ಒಂದು ಮೂಲೆಯಿಂದ ತಿರುಚಿಕೊಳ್ಳುತ್ತದೆ. ಸಾಮಾನ್ಯವಾಗಿ ದೋಷವಿರುವುದು ರೈಲಿನಲ್ಲಲ್ಲ, ಬೋಲ್ಟು ಬಿಗಿಸಿದ ಕ್ರಮದಲ್ಲಿ. ನಾಲ್ಕೂ ಬೋಲ್ಟುಗಳನ್ನು ಮೊದಲು ಕೈಯಲ್ಲಿ ಹಿಡಿಯುವಷ್ಟೇ ತಿರುಗಿಸಿ, ಸೀಟನ್ನು ತುದಿಯಿಂದ ತುದಿಗೆ ಹಲವು ಬಾರಿ ಓಡಾಡಿಸಿ, ಎರಡು ರೈಲುಗಳು ತಾವಾಗಿ ಸಮಾನಾಂತರಕ್ಕೆ ಬಂದ ಮೇಲೆ ನಿಗದಿತ ಬಲದಷ್ಟೇ ಬಿಗಿಸುವ ಟಾರ್ಕ್ ರೆಂಚಿನಿಂದ ಬಿಗಿಸಬೇಕು. ಒಂದೊಂದೇ ಬೋಲ್ಟನ್ನು ಪೂರ್ತಿ ಬಿಗಿಸುತ್ತ ಹೋದರೆ ಕೊನೆಯ ಬೋಲ್ಟು ರೈಲನ್ನು ಎಳೆದು ಓರೆ ಮಾಡುತ್ತದೆ. ಎಲ್ಲವನ್ನೂ ಸಡಿಲಿಸಿ ಮತ್ತೆ ಹೀಗೆ ಬಿಗಿಸಿದ ಮೇಲೆ ಸದ್ದು ಎರಡೂ ಕಡೆಯಿಂದ ಒಟ್ಟಿಗೆ ಬಂತು. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಗಟ್ಟಿತನದ ಗುರುತಿರಬೇಕು. ಕಂಪನಿಯ ಬೋಲ್ಟಿಗಿಂತ ಕೆಳದರ್ಜೆಯದನ್ನು ಹಾಕಲು ಬಿಡಬಾರದು. ಒಂದಷ್ಟು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸುವುದು ಒಳ್ಳೆಯದು. ಸೀಟಿನ ಕಿರುಗುಟ್ಟುವಿಕೆ ಎಂದು ಜನ ದೂರುವುದರಲ್ಲಿ ಹೆಚ್ಚಿನದು ಸಡಿಲವಾದ ಬೋಲ್ಟಿನದೇ.

ಬೆಲ್ಟಿನ ಬಕಲ್ ಅನೇಕ ಕಾರುಗಳಲ್ಲಿ ನೆಲಕ್ಕಲ್ಲ, ಹಳೆಯ ಸೀಟಿಗೇ ಜೋಡಿಸಿರುತ್ತದೆ. ಆದ್ದರಿಂದ ಅದನ್ನು ಬಿಚ್ಚಿ ಹೊಸ ಫ್ರೇಮಿನಲ್ಲಿ ಅದಕ್ಕೆಂದೇ ಕೊಟ್ಟಿರುವ ಜಾಗಕ್ಕೆ ಹಾಕಬೇಕು. ಅಂಥ ಜಾಗವಿಲ್ಲದ ಫ್ರೇಮನ್ನು ಕೊಳ್ಳಲೇಬಾರದು. ಬಕಲ್ ದಿಂಡಿನ ಕೆಳಗೆ ಹುದುಗಿಹೋದರೆ ದಿನವೂ ಬೆರಳು ತುರುಕಿ ಹುಡುಕಬೇಕಾಗುತ್ತದೆ. ತೀರ ಮೇಲೆ ಬಂದರೆ ಸೊಂಟದ ಪಟ್ಟಿ ಸೊಂಟದ ಎಲುಬಿನ ಮೇಲೆ ಕೂರದೆ ಹೊಟ್ಟೆಯ ಮೇಲೆ ಬರುತ್ತದೆ, ಮತ್ತು ಡಿಕ್ಕಿಯಲ್ಲಿ ಅಪಾಯ ಮಾಡುವುದು ಇದೇ. ಭುಜದ ಬಳಿಯ ತೂತುಗಳನ್ನು ಕಂಡು ನಾಲ್ಕು ಪಟ್ಟಿಯ ರೇಸಿಂಗ್ ಬೆಲ್ಟು ಹಾಕುವ ಆಸೆ ಕೆಲವರಿಗೆ ಹುಟ್ಟುತ್ತದೆ. ತೊಡೆಗಳ ನಡುವಿನ ಪಟ್ಟಿಯಿಲ್ಲದ ಅಂಥ ಬೆಲ್ಟಿನ ಕೆಳಗಿನಿಂದ ದೇಹ ಮುಂದಕ್ಕೆ ಜಾರಬಲ್ಲದು. ಕಾರು ಮಗುಚಿ ಛಾವಣಿ ಕುಸಿದರೆ ಮೈಯನ್ನು ನೆಟ್ಟಗೆ ಕಟ್ಟಿಹಾಕಿರುತ್ತದೆ. ದಿನಬಳಕೆಯ ಕಾರಿನಲ್ಲಿ ಆ ತೂತುಗಳು ಬರೀ ಅಲಂಕಾರ. 1959ರಲ್ಲಿ ವೋಲ್ವೊ ಬಳಕೆಗೆ ತಂದ ಮೂರು ಬಿಂದುಗಳ ಬೆಲ್ಟಿಗೇ ನಿಲ್ಲುವುದು ಸರಿ.

ಈ ಕೆಲಸದಲ್ಲಿ ಅತಿ ಹೆಚ್ಚು ಯೋಚಿಸಬೇಕಾದದ್ದು ಏರ್‌ಬ್ಯಾಗಿನ ಬಗ್ಗೆ. 1990ರ ದಶಕದ ನಡುವೆ ವೋಲ್ವೊ 850 ಕಾರಿನಲ್ಲಿ ಮೊದಲು ಬಂದ ಪಕ್ಕದ ಏರ್‌ಬ್ಯಾಗ್ ಸೀಟಿನ ಬೆನ್ನಿನೊಳಗೇ ಇತ್ತು. ಇಂದೂ ಎದೆಯನ್ನು ಕಾಯುವ ಏರ್‌ಬ್ಯಾಗ್ ಹೆಚ್ಚಿನ ಕಾರುಗಳಲ್ಲಿ ಅಲ್ಲೇ ಇರುತ್ತದೆ. ಹಳೆಯ ಸೀಟು ಹೊರಗೆ ಹೋದರೆ ಅದೂ ಹೋದಂತೆ. ಛಾವಣಿಯಂಚಿನ ಕರ್ಟನ್ ಏರ್‌ಬ್ಯಾಗ್ ಉಳಿದುಕೊಂಡರೂ ಅದು ನೋಡಿಕೊಳ್ಳುವುದು ತಲೆಯನ್ನು, ಎದೆಯನ್ನಲ್ಲ. ಡ್ಯಾಷ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ಎಚ್ಚರಿಕೆಯ ದೀಪ ಉರಿಯದಂತೆ ಮಾಡಲು ಅದರ ತಂತಿಯ ಹಳದಿ ಕನೆಕ್ಟರಿಗೆ ಎರಡು-ಮೂರು ಓಮಿನ ರೆಸಿಸ್ಟರ್ ಸಿಕ್ಕಿಸುವುದು ಎಲ್ಲೆಡೆ ಚಾಲ್ತಿಯಲ್ಲಿರುವ ಉಪಾಯ. ಅದು ಇಲ್ಲದ ಏರ್‌ಬ್ಯಾಗು ಇದೆಯೆಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ, ಅಷ್ಟೇ. ಕೆಲವು ತಯಾರಕರು ಪಕ್ಕದ ಏರ್‌ಬ್ಯಾಗನ್ನೂ ಅಳವಡಿಸಿದ ಸೀಟುಗಳನ್ನು ಕೊಡುತ್ತಾರೆ. ಅದು ನಿಮ್ಮ ಕಾರಿನ ವ್ಯವಸ್ಥೆಗೆ ಹೊಂದುವುದಾದರೆ ಬೇರೆ ಯಾವುದನ್ನೂ ನೋಡಬೇಕಿಲ್ಲ. ಹೊಂದದಿದ್ದರೆ ಏನು ಕಳೆದುಕೊಳ್ಳುತ್ತಿದ್ದೇವೆಂದು ತಿಳಿದೇ ಮುಂದುವರಿಯಬೇಕು. ಬದಲಾವಣೆಗೆ ಒಪ್ಪಿಗೆ ಇದೆಯೇ ಎಂದು ವಿಮೆಯವರನ್ನೂ ಸ್ಥಳೀಯ ನಿಯಮವನ್ನೂ ಮೊದಲೇ ವಿಚಾರಿಸಿರಬೇಕು. ನನ್ನ ಕಾರು ಸೀಟಿನೊಳಗೆ ಏರ್‌ಬ್ಯಾಗ್ ಇಲ್ಲದ ಹಳೆಯ ಮಾದರಿಯಾದ್ದರಿಂದಲೇ ನಾನು ಈ ಕೆಲಸಕ್ಕೆ ಕೈಹಾಕಿದ್ದು.

ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸೀಟು ಬಿಚ್ಚುವ ಮುನ್ನ ಬ್ಯಾಟರಿಯ ಟರ್ಮಿನಲ್ ತೆಗೆದು, ಸರ್ವಿಸ್ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು; ವ್ಯವಸ್ಥೆಯಲ್ಲಿ ಉಳಿದಿರುವ ವಿದ್ಯುತ್ತು ಇಳಿಯಲು ಆ ಸಮಯ ಬೇಕು. ಸೀಟು ಹೊರಗಿರುವಾಗ ಇಗ್ನಿಷನ್ ಕೀಲಿ ತಿರುಗಿಸಿದರೆ ದೋಷದ ಸಂಕೇತ ದಾಖಲಾಗಿ, ಸ್ಕ್ಯಾನರ್ ಹಾಕಿ ಅಳಿಸುವವರೆಗೆ ದೀಪ ಆರದೇ ಇರಬಹುದು.

ತೂಕ ಇಳಿಯುತ್ತದೆ ಎಂಬ ಮಾತು ಬಾಗುವ ಸೀಟಿನ ಮಟ್ಟಿಗೆ ಹೆಚ್ಚೇನೂ ನಿಜವಲ್ಲ. ಮೋಟರುಗಳಿರುವ ಸೀಟು ತೆಗೆದವರಿಗೆ ಒಂದಿಷ್ಟು ಉಳಿದೀತು, ಉಳಿದವರಿಗೆ ವ್ಯತ್ಯಾಸ ಗೊತ್ತಾಗದು. ಹಿಂದೆ ಕೂರುವವರಿಗೆ ಬೆನ್ನಿನ ದಪ್ಪದಿಂದ ಮಂಡಿಯ ಜಾಗ ಸ್ವಲ್ಪ ಕಡಿಮೆಯಾಗಿದೆ, ಬೆನ್ನ ಹಿಂದಿನ ಚೀಲವೂ ಇಲ್ಲ. ಇಷ್ಟಕ್ಕೆ ನಮ್ಮವರ ಗೊಣಗಾಟವನ್ನು ಸಹಿಸಿಕೊಳ್ಳಬಹುದು. ಚಾಲಕನ ಪಕ್ಕದ ಸೀಟಿಗೂ ಜೋಡಿಯಾಗಿ ಇದನ್ನೇ ಹಾಕಿಸಿ ಎಂದು ಫಿಟ್ಟಿಂಗ್‌ನವರು ಒತ್ತಾಯಿಸಿದರು. ನೋಡಲು ಚೆನ್ನಾಗಿಯೂ ಇರುತ್ತಿತ್ತು. ಆದರೆ ಆ ಜಾಗದ ಮೂಲ ಸೀಟಿನಡಿಯಲ್ಲಿ, ಕೂತವರ ಭಾರವನ್ನು ಅರಿತು ಮುಂದಿನ ಏರ್‌ಬ್ಯಾಗ್ ಬಿಚ್ಚಬೇಕೇ ಬೇಡವೇ ಎಂದು ನಿರ್ಧರಿಸುವ ಸಂವೇದಕವಿದೆ, ಅದನ್ನು ಹೊಸ ಸೀಟಿಗೆ ಸಾಗಿಸುವ ದಾರಿಯಿಲ್ಲ. ಹಾಗಾಗಿ ಆ ಸೀಟನ್ನು ಹಾಗೆಯೇ ಬಿಟ್ಟಿದ್ದೇನೆ.